ಔನ್ಸಿಗೆ 4 ಫ್ಲಾರಿನ್‌ನ ನೀಲಿ

ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಚಿತ್ರ ಬರೆಯುವ ಹಳೆಯ ಇಟಲಿಯ ಪದ್ಧತಿಗೆ ಎಗ್ ಟೆಂಪೆರಾ ಅಂತಾರೆ. ಅದನ್ನು ಕಲಿಯಲು ನಾನು ಆರಿಸಿಕೊಂಡದ್ದು ಡೊಮೆನಿಕೊ ಗಿರ್ಲಾಂಡಾಯೊ ಫ್ಲಾರೆನ್ಸಿನ ಇನ್ನೊಚೆಂಟಿ ಅನಾಥಾಲಯಕ್ಕೆ ಬರೆದುಕೊಟ್ಟ ಚಿತ್ರ. ಹಸುಗೂಸು ಯೇಸುವನ್ನು ನೋಡಲು ಮೂವರು ರಾಜರು ಬಂದ ದೃಶ್ಯ. ಪೂರ್ತಿ ಬರೆಯುವುದು ನನ್ನ ಕೈಲಾಗದ ಮಾತು. ಮೇರಿಯ ನೀಲಿ ಹೊದಿಕೆಯಷ್ಟೇ ಸಾಕು ಅಂದುಕೊಂಡೆ.

ಇದನ್ನೇ ಆರಿಸಲು ಕಾರಣ ಅದರ ಕರಾರುಪತ್ರ. 1485ರ ಅಕ್ಟೋಬರ್‌ನದು. ಸಂಭಾವನೆ 115 ಫ್ಲಾರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ), ಗಡುವು 30 ತಿಂಗಳು, ಬಣ್ಣದ ಖರ್ಚು ಚಿತ್ರಕಾರನದೇ. ಕೆಲಸ ಅಷ್ಟು ಬೆಲೆ ಬಾಳುವುದಿಲ್ಲ ಅನ್ನಿಸಿದರೆ ದುಡ್ಡು ಕಡಿಮೆ ಮಾಡುವ ಹಕ್ಕನ್ನು ಕರಾರು ಬರೆದ ಸನ್ಯಾಸಿ ಫ್ರಾ ಬರ್ನಾರ್ಡೊ ತನಗೇ ಬರೆದುಕೊಂಡಿದ್ದಾನೆ. ನೀಲಿಗೆ ಬೇರೆಯೇ ಷರತ್ತು: ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯ ಅಲ್ಟ್ರಾಮರೀನೇ, ಅಂದರೆ ಲ್ಯಾಪಿಸ್ ಎಂಬ ನೀಲಿ ಕಲ್ಲಿನಿಂದ ತೆಗೆದ ಬಣ್ಣವೇ, ಆಗಬೇಕು. ಒಳ್ಳೆಯ ನೀಲಿ ಅಂತ ಬರೆದಿದ್ದರೆ ಸಾಕಾಗುತ್ತಿರಲಿಲ್ಲವೇ?

ಹಲಗೆಯ ಕೆಲಸ ಬೇಜಾರಿನದು. ಆ ಕಾಲದ ಚಿತ್ರಕಾರರದು ಪಾಪ್ಲರ್ ಮರ, ನನ್ನದು ಪ್ಲೈವುಡ್. ಜಿಪ್ಸಮ್ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರದ ಮೇಲೆ ಪದರ ಬಳಿದು, ಒಣಗಿಸಿ, ನುಣುಪಾಗುವವರೆಗೆ ಉಜ್ಜಬೇಕು, ಅಷ್ಟೇ.

ನೀಲಿಯದೇ ದೊಡ್ಡ ಕಥೆ. ಲ್ಯಾಪಿಸ್ ಕಲ್ಲನ್ನು ಸುಮ್ನೆ ಅರೆದರೆ ಬರುವುದು ಬೂದು ಪುಡಿ. ಕಲ್ಲಿನಲ್ಲಿ ನೀಲಿಯ ಜೊತೆ ಬಿಳಿ ಖನಿಜವೂ ಸೇರಿರುತ್ತದೆ. ಬೇರ್ಪಡಿಸುವ ದಾರಿಯನ್ನು ಚೆನ್ನೀನೊ ಚೆನ್ನೀನಿ ಎಂಬ ಚಿತ್ರಕಾರ 1400ರ ಆಸುಪಾಸಿನಲ್ಲೇ ಬರೆದಿಟ್ಟಿದ್ದ. ನಾನು ಅದನ್ನೇ ಹಿಡಿದೆ. ಪುಡಿಯನ್ನು ಪೈನ್ ರಾಳ, ಮ್ಯಾಸ್ಟಿಕ್ ಅಂಟು, ಮೇಣದಲ್ಲಿ ಸೇರಿಸಿ ಉಂಡೆ ಮಾಡಿ ಕೆಲವು ದಿನ ಬಿಟ್ಟೆ. ಆಮೇಲೆ ಬೂದಿಯಿಂದ ಇಳಿಸಿದ ಕ್ಷಾರದ ನೀರಿನಲ್ಲಿ ಚಪಾತಿ ಹಿಟ್ಟಿನ ಹಾಗೆ ನಾದಿದೆ. ಕೈಗೆ ಗ್ಲೌಸ್ ಬೇಕೇ ಬೇಕು. ನೀಲಿ ಮಾತ್ರ ಉಂಡೆಯಿಂದ ಬಿಟ್ಟುಕೊಂಡು ತಳಕ್ಕೆ ಇಳಿಯುತ್ತದೆ. ಮೊದಲ ನೀರಿನದು ಗಾಢ, ಎರಡನೆಯದು ಸ್ವಲ್ಪ ತಿಳಿ, ಕೊನೆಯದು ಬೂದು ಬೆರೆತ ನೀಲಿ. ಮೂರನ್ನೂ ಬೇರೆ ಬೇರೆ ಬಟ್ಟಲಲ್ಲಿ ಒಣಗಿಸಿದೆ. ಒಂದೇ ಕಲ್ಲು, ಮೂರು ದರ್ಜೆ! ಮೂರಕ್ಕೂ ಅಲ್ಟ್ರಾಮರೀನ್ ಅನ್ನಬಹುದು. ಖರ್ಚು ಚಿತ್ರಕಾರನ ಜೇಬಿನದಾದರೆ ಅವನು ಯಾವುದನ್ನು ಹಾಕಿಯಾನು? ಸನ್ಯಾಸಿಗೆ ಅದು ಗೊತ್ತಿತ್ತು. ಅದಕ್ಕೇ ದರ ಬರೆಸಿದ.

ಆ ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ. ಸರಕು ಹೊತ್ತ ಪ್ರಾಣಿಗಳ ಮೇಲೆ ಹೊರಟು, ಹಡಗು ಹತ್ತಿ, ವೆನಿಸ್ ಸೇರುವಷ್ಟರಲ್ಲಿ ಎಷ್ಟೋ ಕೈ ದಾಟಿರುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೂ ಇಂಥ ನಡುವಿನ ಕೈಗಳನ್ನು ತಪ್ಪಿಸಿ ಮೆಣಸು ಕೊಳ್ಳಲು ತಾನೇ? ಆದರೆ ಬದಖ್ಶಾನ್ ಬೆಟ್ಟಕ್ಕೆ ಹಡಗು ಹೋಗುವುದಿಲ್ಲವಲ್ಲ!

ಇನ್ನು ಮೊಟ್ಟೆ. ಹಳದಿಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಲೋಳೆ ಕಳೆದು, ಪೊರೆಯನ್ನು ಎರಡು ಬೆರಳಲ್ಲಿ ಹಿಡಿದು ಚುಚ್ಚಿ, ಒಳಗಿನದನ್ನಷ್ಟೇ ಬಟ್ಟಲಿಗೆ ಬಿಡಬೇಕು. ಸ್ವಲ್ಪ ನೀರು ಸೇರಿಸಿ ಬಣ್ಣದ ಪುಡಿಗೆ ಕಲಸಿದರೆ ಆಯಿತು. ಎಳೆದ ಗೆರೆ ತಕ್ಷಣ ಒಣಗುತ್ತದೆ. ಹಾಗಾಗಿ ತೈಲವರ್ಣದಂತೆ ಒಂದರೊಳಗೊಂದು ಬೆರೆಸಲು ಆಗುವುದಿಲ್ಲ. ಹೊದಿಕೆಯ ಮಡಿಕೆಯ ನೆರಳನ್ನು ಕೂದಲೆಳೆ ಗೆರೆಗಳಲ್ಲೇ ಕಟ್ಟಬೇಕು. ತಾಳ್ಮೆ ಜಾಸ್ತಿ ಬೇಕು. ನನಗೆ ಈ ಕೆಲಸ ತೈಲವರ್ಣಕ್ಕಿಂತ ಹಿಡಿಸಿತು.

ನೀವೂ ಮಾಡುವುದಾದರೆ ಅಂಗಡಿಯಲ್ಲಿ ಸಿಗುವ ಕೃತಕ ಅಲ್ಟ್ರಾಮರೀನ್ ಪುಡಿಯಲ್ಲೇ ಶುರು ಮಾಡಿ. ಅಗ್ಗ, ಬಣ್ಣವೂ ಗಟ್ಟಿ. ಕಲಸಿದ ಹಳದಿಯನ್ನು ಮಾತ್ರ ನಾಳೆಗೆ ಅಂತ ಇಡಬೇಡಿ, ನಾರುತ್ತದೆ.