ಡಿಸ್ಕ್ ಏಳುವ ಮೊದಲೇ ಬಾಗಿಲು ಹಾಕಿದ ಡ್ರೈವರ್

ಸಾಗರದ ಮುದ್ರಣಾಲಯವೊಂದರ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಸರ್ವರ್ ನನ್ನ ಪಾಲಿಗಿದೆ. ಡಿಸ್ಕುಗಳನ್ನು ಜೋಡಿಸುವ ಎಸ್‌ಎಎಸ್ ಕಾರ್ಡಿನ ಮೇಲೆ ಎರಡು ಡಿಸ್ಕುಗಳ ರೇಡ್-1, ಅಂದರೆ ಎರಡರಲ್ಲೂ ಒಂದೇ ದತ್ತಾಂಶದ ಪ್ರತಿ; ವ್ಯವಸ್ಥೆಯ ಮೂಲ ಕಡತಗಳಿರುವ ರೂಟ್ ಅದರಲ್ಲೇ. ಬೇಗ ಬೂಟ್ ಆಗಲೆಂದು ಲಿನಕ್ಸಿನ ತಿರುಳಾದ ಕರ್ನಲನ್ನು ಪುಟ್ಟ ಎಸ್‌ಎಸ್‌ಡಿಗೆ ಸಾಗಿಸಿ, ಕಾರ್ಡಿನ ಬಯಾಸ್ (ಯಂತ್ರ ಹಚ್ಚಿದೊಡನೆ ಡಿಸ್ಕುಗಳನ್ನು ಹುಡುಕುವ ಅದರದೇ ತಂತ್ರಾಂಶ) ಬಂದ್ ಮಾಡಿದ್ದು ನಾನೇ. ರೋಗ ಶುರುವಾದದ್ದೂ ಅಲ್ಲಿಂದಲೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಕೆಲವೊಮ್ಮೆ ರೂಟ್ ಸಿಗಲಿಲ್ಲವೆಂದು ಇನಿಟ್‌ರಾಮ್‌ಎಫ್‌ಎಸ್‌ನ (ರೂಟ್ ಸಿಗುವವರೆಗೆ ನಡೆಯುವ ಪುಟ್ಟ ತಾತ್ಕಾಲಿಕ ವ್ಯವಸ್ಥೆ) ಬೋಳು ಪ್ರಾಂಪ್ಟ್ ಎದುರಾಗುತ್ತಿತ್ತು. ಬರೀ ರೀಬೂಟ್ ಮಾಡಿದರೆ ಮಾತ್ರ ಎಂದೂ ತೊಂದರೆಯಿಲ್ಲ.

ಆ ಪ್ರಾಂಪ್ಟ್ ಕಂಡಾಗ ಮೊದಲು ಕೈ ಕಟ್ಟಿ ಒಂದು ನಿಮಿಷ ಕುಳಿತುಕೊಳ್ಳಿ. ರೇಡ್ ನಿಭಾಯಿಸುವ ಎಂಡಿಎಡಮ್‌ನಲ್ಲಿ ಹೊಸ ಅರೇ (ಡಿಸ್ಕುಗಳ ಜೋಡಣೆ) ಕಟ್ಟುವ ಕ್ರಿಯೇಟ್ ಆದೇಶದ ಹತ್ತಿರವೂ ಸುಳಿಯಬೇಡಿ; ಆತುರದಲ್ಲಿ ಅದನ್ನು ಒತ್ತಿ ದತ್ತಾಂಶ ಕಳೆದುಕೊಂಡವರನ್ನು ಕಂಡಿದ್ದೇನೆ. ರೇಡ್‌ನ ಸ್ಥಿತಿ ತೋರುವ ಎಂಡಿಸ್ಟ್ಯಾಟ್ ನೋಡಿ. ಅರೇ ಇನ್ಯಾಕ್ಟಿವ್ ಎಂದಿದ್ದರೆ ಸ್ಟಾಪ್ ಕೊಟ್ಟು, ಎಕ್ಸಾಮಿನ್‌ನಲ್ಲಿ ಎರಡೂ ಡಿಸ್ಕುಗಳ ಈವೆಂಟ್ಸ್ ಸಂಖ್ಯೆ (ಅರೇಯ ಸ್ಥಿತಿ ಬದಲಾದಂತೆ ಏರುವ ಎಣಿಕೆ) ಹೋಲಿಸಿ. ಅವು ಒಂದೇ ಆಗಿದ್ದರೆ ಯಾವ ಡಿಸ್ಕೂ ಅರೇಯಿಂದ ಹಿಂದೆ ಬಿದ್ದಿಲ್ಲ. ಡಿಸ್ಕುಗಳನ್ನು ಮತ್ತೆ ಜೋಡಿಸಲು ಅಸೆಂಬಲ್ ಸ್ಕ್ಯಾನ್, ನಂತರ ಎಕ್ಸಿಟ್, ಬೂಟ್ ಮುಂದುವರಿಯುತ್ತದೆ.

ಇನ್ನು ತಡವಾಗಿ ಬಂದವರು ಯಾರು ಎಂಬುದನ್ನು ಕರ್ನಲ್ ಸಂದೇಶಗಳನ್ನು ತೋರುವ ಡಿಮೆಸೇಜ್‌ನ ಎಡಬದಿಯ ಸಮಯ ಹೇಳುತ್ತದೆ. ನನ್ನಲ್ಲಿ ಕಾರ್ಡ್ 3ನೆಯ ಸೆಕೆಂಡಿಗೆ ಕಾಣಿಸಿತು, ಎರಡನೆಯ ಡಿಸ್ಕ್ 38ನೆಯದಕ್ಕೆ. ವಿದ್ಯುತ್ ಹೊರೆ ಒಮ್ಮೆಗೇ ಬೀಳದಿರಲೆಂದು ಕಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ತಿರುಗಿಸುತ್ತದೆ. ಹಿಂದೆ ಅಷ್ಟು ಹೊತ್ತೂ ಬಯಾಸ್ ಕಾಯುತ್ತಿತ್ತು. ಡೆಬಿಯನ್ ರೂಟಿಗಾಗಿ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡ್.

ಕರ್ನಲನ್ನು ಬೂಟ್ ಮಾಡಿಸುವ ಗ್ರಬ್‌ನ ಸಾಲಿಗೆ ರೂಟ್‌ಡಿಲೇ 90 (ಸೆಕೆಂಡ್) ಸೇರಿಸಿದರೆ ಅಂದಿನ ಕೆಲಸ ನಡೆಯುತ್ತದೆ. ಸಾಧನಗಳು ಕಾಣಿಸಿದ ಘಟನೆಗಳನ್ನು ನಿಭಾಯಿಸುವ ಯುಡೆವ್‌ನ ಸೆಟಲ್ ಆದೇಶವನ್ನು ನೆಚ್ಚಬೇಡಿ: ಅದು ಸಾಲಿನಲ್ಲಿರುವ ಘಟನೆಗಳು ಮುಗಿಯುವುದನ್ನು ಕಾಯುತ್ತದೆ, ಇನ್ನೂ ಹುಟ್ಟದ ಘಟನೆಯನ್ನಲ್ಲ. ನಾನು ಕರ್ನಲ್‌ನಲ್ಲಿ ಡಿಸ್ಕುಗಳನ್ನು ಹುಡುಕುವ ಸ್ಕಸಿ ಮಾಡ್ಯೂಲಿಗೆ ಸ್ಕ್ಯಾನ್ ಸಿಂಕ್ ಎಂದು ಕೊಟ್ಟೆ. ಹುಡುಕಾಟ ಮುಗಿಯುವವರೆಗೆ ಡ್ರೈವರ್ ಲೋಡ್ ಆಗುವುದೇ ಮುಗಿಯಬಾರದು ಎಂಬುದು ಇದರ ಅರ್ಥ. ಬಹಳ ಜನರಿಗೆ ಇಷ್ಟೇ ಸಾಕು.

ನನಗೆ ಸಾಲಲಿಲ್ಲ. ಐದಾರು ಸಲಕ್ಕೊಮ್ಮೆ ಮತ್ತೆ ಅದೇ ಪ್ರಾಂಪ್ಟ್. ಕಾರ್ಡ್ ತಯಾರಕರೇ ಕೊಟ್ಟಿದ್ದ, ಕರ್ನಲ್‌ನ ಅಧಿಕೃತ ಮೂಲದಲ್ಲಿಲ್ಲದ ಡ್ರೈವರಿನ ಕೋಡನ್ನು ಬಿಚ್ಚಿ ಕುಳಿತೆ. ಸ್ಕ್ಯಾನ್ ಸ್ಟಾರ್ಟ್ ಎಂಬ ಫಂಕ್ಷನ್ ಕೆಲಸವನ್ನು ಇನ್ನೊಂದು ಥ್ರೆಡ್ಡಿಗೆ (ಜೊತೆಯಲ್ಲೇ ಬೇರೆಯಾಗಿ ನಡೆಯುವ ಎಳೆ) ಒಪ್ಪಿಸಿ ಹೊರಟುಬಿಡುತ್ತಿತ್ತು. ‘ಬಾಕಿ ಇದೆ’ ಎಂಬ ಗುರುತನ್ನು ಆ ಥ್ರೆಡ್ ಎದ್ದ ಮೇಲೆ ತಾನೇ ಹಾಕಿಕೊಳ್ಳುತ್ತಿತ್ತು. ಥ್ರೆಡ್ ಏಳುವ ಮೊದಲೇ, ಹುಡುಕಾಟ ಮುಗಿಯಿತೇ ಎಂದು ನೋಡುವ ಸ್ಕ್ಯಾನ್ ಫಿನಿಶ್ಡ್ ಫಂಕ್ಷನ್ ಇಣುಕಿದರೆ? ಬಾಕಿ ಸೊನ್ನೆ. ಎಲ್ಲ ಮುಗಿಯಿತೆಂದು ವರದಿ. ಅಡುಗೆಗೆ ಒಲೆಯನ್ನೇ ಹಚ್ಚದೆ ಎಲೆ ಎತ್ತಿದ ಹಾಗೆ.

ದುರಸ್ತಿ ಎಂದರೆ ಒಂದು ಸಾಲಿನ ಸ್ಥಳಾಂತರ. ಗುರುತು ಹಾಕುವ ಸಾಲನ್ನು ಥ್ರೆಡ್ಡಿನಿಂದ ಕಿತ್ತು ಸ್ಕ್ಯಾನ್ ಸ್ಟಾರ್ಟ್‌ನಲ್ಲಿ, ಕೆಲಸ ಒಪ್ಪಿಸುವ ಸಾಲಿಗಿಂತ ಮೇಲೆ ಇಟ್ಟೆ; ಕಾರ್ಡಿನಿಂದ ಪೋರ್ಟ್ ಎನೇಬಲ್ (ಡಿಸ್ಕುಗಳನ್ನು ಹುಡುಕಿ ಸಜ್ಜುಗೊಳಿಸುವುದು) ಮುಗಿದ ಉತ್ತರ ಬಂದಾಗ ಮಾತ್ರ ಅಳಿಸುವಂತೆ ಮಾಡಿದೆ. ಸತ್ತ ಕಾರ್ಡಿಗಾಗಿ ಕಾಯುತ್ತಲೇ ಇರಬಾರದೆಂದು ಒಂದು ಗಡುವೂ ಬೇಕು. ಕರ್ನಲ್‌ನೊಳಗಿನ ಎಂಪಿಟಿ3ಸ್ಯಾಸ್ ಡ್ರೈವರಿನಲ್ಲಿ ಅದು 300 ಸೆಕೆಂಡ್. ನಾನು 120 ಇಟ್ಟೆ.

ಮಾಡ್ಯೂಲ್ ಕಟ್ಟಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಎಲ್ಲ ಕರ್ನಲ್‌ಗಳಿಗೂ ಮತ್ತೆ ಕಟ್ಟಿ. ಇದನ್ನು ಮರೆತು ಅರ್ಧ ದಿನ ಹಳೆಯ ಡ್ರೈವರನ್ನೇ ಪರೀಕ್ಷಿಸಿದ ಮಹಾನುಭಾವ ನಾನು.

ಪರೀಕ್ಷೆಗೆ ರೀಬೂಟ್ ಆದೇಶ ಪ್ರಯೋಜನಕ್ಕೆ ಬಾರದು, ಡಿಸ್ಕುಗಳು ತಿರುಗುತ್ತಲೇ ಇರುತ್ತವೆ. ಕ್ರಮವಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಡಿಸ್ಕಿನ ಸದ್ದು ಪೂರ್ತಿ ಅಡಗಿದ ಮೇಲೆ ಮತ್ತೆ ಹಚ್ಚಬೇಕು. ಒಂದು ಭಾನುವಾರ ಇಪ್ಪತ್ತು ಸಲ ಹಾಗೆ ಮಾಡಿದೆ. ಇಪ್ಪತ್ತು ಸಲವೂ ಎಂಡಿಸ್ಟ್ಯಾಟ್‌ನಲ್ಲಿ ಡಿಸ್ಕ್ ಕೆಲಸದಲ್ಲಿದೆ ಎನ್ನುವ ಎರಡು ‘ಯು’ಗಳು ಅಕ್ಕಪಕ್ಕ ನಿಂತಿದ್ದವು.