ಕಾರಿನೊಳಗೆ ಮಳೆನೀರು: ದಾರಿ ಸಿಕ್ಕಿದ್ದು ವೈಪರ್ ಬುಡದಲ್ಲಿ

ಉಡುಪಿಯ ಜುಲೈ ಮಳೆಯಲ್ಲಿ ಕಾರಿನ ಗಾಜು ಮಂಜಾಗುವುದು ಮಾಮೂಲಿ. ಆದರೆ ನನ್ನ ಕಾರಿನಲ್ಲಿ ಮುಗ್ಗಲು ವಾಸನೆ, ಎಡಗಡೆ ಮ್ಯಾಟ್ ಕೆಳಗೆ ಪೂರ್ತಿ ಒದ್ದೆ. ಎಸಿ ಹಾಕಿ ನಿಲ್ಲಿಸಿ ನೋಡಿದೆ. ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಅಂದರೆ ಎಸಿಯ ನೀರು ಹೊರಗೆ ಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡಿಲ್ಲ, ಒಳಗಿನ ಒದ್ದೆ ಎಸಿಯದ್ದಲ್ಲ.

ತಮ್ಮನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಟಾಪ್ ಮೇಲೆ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಬಾಗಿಲಿನ ರಬ್ಬರ್ ಸರಿಯಿತ್ತು. ವೈಪರ್ ಬುಡಕ್ಕೆ ಬಿಟ್ಟ ಕೂಡಲೇ ಡ್ಯಾಶ್‌ಬೋರ್ಡ್ ಅಡಿಯಿಂದ ಧಾರೆ! ಅಲ್ಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಬರೀ ಮಾವಿನ ಎಲೆ, ಕೆಸರು. ನೀರು ಹೋಗುವ ತೂತು ಮುಚ್ಚಿ, ತುಂಬಿದ ನೀರು ಬ್ಲೋವರ್ ಗಾಳಿ ಎಳೆಯುವ ದಾರಿಯಲ್ಲಿ ಒಳಗೆ ಬರುತ್ತಿತ್ತು. ಕೈಯಲ್ಲೇ ತೆಗೆದು ತೊಳೆದೆ. ಖರ್ಚು ಸೊನ್ನೆ.

ಒಣಗಿಸುವುದೇ ಜಾಸ್ತಿ ರಗಳೆ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ನೀರು ಹಿಡಿದಿರುತ್ತದೆ. ಅಂಚು ಎತ್ತಿ ಫ್ಯಾನ್ ಇಟ್ಟೆ. ಸುಮ್ನೆ ಬಿಸಿಲಿಗೆ ಕಾಯುತ್ತಾ ಕೂತರೆ ಕೃಷ್ಣಾಷ್ಟಮಿ ಬಂದೀತು.

ಈಗ ಗಾಜಿನ ಒಳಗೆ ಮಂಜು ಹಿಡಿದರೆ ಎಸಿ ಹಾಕಿ, ಹೊರಗಿನ ಗಾಳಿ ತೆರೆದು, ಮುಂದಿನ ಗಾಜಿಗೆ ತಿರುಗಿಸುತ್ತೇನೆ. ಹೊರಮೈ ಮಂಜಾದರೆ ಮಾತ್ರ ಉಲ್ಟಾ: ಎಸಿಯ ತಂಪು ಕಮ್ಮಿ ಮಾಡಿ ವೈಪರ್ ಹಾಕಿದರೆ ಸಾಕು.