ನಾಲ್ಕು ಜನ, ನಾಲ್ಕು ಕವಡೆ: ಅರವತ್ತರ ನಂತರ ಗೆಳೆಯರ ಕೂಟ ಕಟ್ಟುವುದು ಹೇಗೆ?

ಮನೆ ತುಂಬ ಜನರಿದ್ದರೂ ಹಿರಿಯರ ಪಾಲಿಗೆ ಬರುವ ಮಾತು ಎರಡೇ: 'ಊಟ ಆಯ್ತಾ?', 'ಮಾತ್ರೆ ತಗೊಂಡ್ರಾ?'. ಹೂಂ ಅಂದರೆ ದಿನ ಮುಗಿಯಿತು. ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆಗೆ ದಾರಿ ಮಾಡಿಕೊಡುವ, ಆದರೆ ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಜನರ ಒಡನಾಟ ಕಡಿದುಹೋಗುವುದು ಅದರಲ್ಲೊಂದು, ಕಿವಿ ಮಂದವಾಗುವುದು ಇನ್ನೊಂದು. ಇವೆರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಕೇಳಿಸದವರು ಮೊದಲು ಮದುವೆಮನೆಯಲ್ಲಿ ಮೂಲೆ ಹಿಡಿಯುತ್ತಾರೆ, ಆಮೇಲೆ ಹೋಗುವುದನ್ನೇ ಬಿಡುತ್ತಾರೆ.

ಮೊದಲು ನಾಲ್ಕು ಜನರನ್ನು ಹುಡುಕಿ. ಎಂಟು ಜನ ಸೇರಿದರೆ ಮಾತು ಎರಡು ಕಡೆ ಒಡೆಯುತ್ತದೆ, ಮಂದಗಿವಿಯವರಿಗೆ ಎರಡೂ ಸಿಗುವುದಿಲ್ಲ. ಎಲ್ಲರೂ ಹತ್ತು ನಿಮಿಷದ ನಡಿಗೆಯೊಳಗೆ ಇರಲಿ. ಮಗ ಕಾರಿನಲ್ಲಿ ಬಿಡಬೇಕಾದ ಕೂಟ ತಿಂಗಳು ಬಾಳುವುದಿಲ್ಲ.

'ಒಂದು ದಿನ ಸೇರೋಣ' ಅನ್ನಬೇಡಿ, ವಾರ ಮತ್ತು ಗಂಟೆ ಗೊತ್ತು ಮಾಡಿ. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಆರು ಆದರೆ ಕತ್ತಲಾಗುವ ಮುಂಚೆ ಮನೆ ಸೇರಬಹುದು. ಮೆಟ್ಟಿಲಿಲ್ಲದ, ಶೌಚಾಲಯ ಹತ್ತಿರವಿರುವ ಜಾಗ ಬೇಕು. ಟಿವಿ ಆರಿಸಿ. ಮುಖದ ಮೇಲೆ ಬೆಳಕು ಬೀಳುವಂತೆ ಕೂತರೆ ತುಟಿ ನೋಡಿಯೇ ಅರ್ಧ ಮಾತು ತಿಳಿಯುತ್ತದೆ.

ಬರಿ ಹರಟೆ ಎಂದರೆ ಎರಡನೇ ವಾರಕ್ಕೆ ಮಂಡಿನೋವು, ಸೊಸೆ, ಪಿಂಚಣಿಗೆ ಬಂದು ನಿಲ್ಲುತ್ತದೆ. ನಡುವೆ ಒಂದು ಆಟವಿರಲಿ. ನಮ್ಮ ಆಯ್ಕೆ ಚೌಕಾಬಾರ. 20 ಇಂಚಿನ ಚದರ ಬಿಳಿ ರಟ್ಟಿನಲ್ಲಿ ನಾಲ್ಕಿಂಚಿನ 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡುಮನೆಗೂ ಮಧ್ಯದ ಮನೆಗೂ ಮೂಲೆಯಿಂದ ಮೂಲೆಗೆ ಕತ್ತರಿಗೆರೆ ಹಾಕಿ, ಅವು ಕಟ್ಟೆಗಳು, ಅಂದರೆ ಕಾಯಿಗೆ ಹೊಡೆತ ಬೀಳದ ಮನೆಗಳು. ಮನೆ ಇದಕ್ಕಿಂತ ಸಣ್ಣದಾದರೆ ನಡುಗುವ ಕೈ ಪಕ್ಕದ ಕಾಯಿಯನ್ನೂ ಸರಿಸಿಬಿಡುತ್ತದೆ. ತಲಾ ನಾಲ್ಕು ಕಾಯಿ: ಹುಣಸೆಬೀಜ, ಕೆಂಪು ಬಳೆಚೂರು, ಹಸಿರು ಬಳೆಚೂರು, ಕಪ್ಪು ಗುಂಡಿ. ಪೊರೆ ಬಂದ ಕಣ್ಣಿಗೂ ಬೇರೆಬೇರೆ ಕಾಣಬೇಕು. ನೆಲ ಬೇಡ, ಮೇಜಿನ ಮೇಲೆ ಹರಡಿ.

ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಮನೆ; ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಮತ್ತೊಂದು ಎಸೆತ. ಎದುರಾಳಿಯ ಒಂದು ಕಾಯಿಯನ್ನೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ ಎಂಬುದು ಊರಿಗೊಂದು ಕಟ್ಟಳೆ. ಮೊದಲ ದಿನವೇ ಒಪ್ಪಿ ರಟ್ಟಿನ ಹಿಂದೆ ಬರೆದಿಡಿ, ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ. ದುಡ್ಡು ಕಟ್ಟಿ ಆಡಬೇಡಿ, ಉಳಿದರ್ಧ ಅಲ್ಲಿಂದ ಬರುತ್ತದೆ.

ಆಟ ಆಡಿದರೆ ಕಾಯಿಲೆ ಬಾರದು ಎಂಬ ಖಾತರಿಯಿಲ್ಲ. ಕಾಯಿಲೆ ಒಳಗೊಳಗೇ ಶುರುವಾಗಿರುವುದರಿಂದಲೂ ಕೆಲವರು ಜನರಿಂದ ದೂರ ಸರಿಯುತ್ತಾರೆ. ಹಾಗಾಗಿ ಯಾರಾದರೂ ಬರದಿದ್ದರೆ ಅದೇ ಸಂಜೆ ಫೋನ್ ಮಾಡುವ ಹೊಣೆ ಒಬ್ಬರಿಗೆ ವಹಿಸಿ. ಸರದಿಯಂತೆ ಹೊಣೆ ಬದಲಾಗಲಿ.

ಹೆಸರು ಮರೆತು ಆಮೇಲೆ ನೆನಪಾದರೆ ಗಾಬರಿ ಬೇಡ. ವರ್ಷಗಟ್ಟಲೆ ಆಡಿದವರು ಕವಡೆ ಎಣಿಸಲು ತಡವರಿಸಿದರೆ, ಬಂದ ದಾರಿ ತಪ್ಪಿದರೆ, ನಗದೆ ಮನೆಯವರಿಗೆ ಮೆಲ್ಲಗೆ ತಿಳಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಹೀಗಾಗುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಆದರೆ ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮರೆಗುಳಿತನ ಎಂದು ಖಚಿತವಾದರೂ ಅವರ ಕುರ್ಚಿ ತೆಗೆಯಬೇಡಿ. ಕವಡೆ ಅವರೇ ಎಸೆಯಲಿ, ಕಾಯಿ ನಡೆಸಲು ಪಕ್ಕದವರು ಕೈಗೂಡಿಸಲಿ.